ಮಕ್ಕಳ ಪಾನಾ-ಪಕ್ಕಡ: ಆರು ಬಗೆಯ ಸೆಟ್ಟು, ಒಂದೇ ಬಂಡಿ

ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಲ್ಲಿ ‘ಮಕ್ಕಳ ಟೂಲ್ ಸೆಟ್ ತೋರಸ್ರಿ’ ಅಂದರೆ ಮೊದಲು ಹೊರಬರುವುದು ಹಳದಿ-ಕೆಂಪು ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಸುತ್ತಿಗೆ, ಗರಗಸ, ಡ್ರಿಲ್ಲು ಎಲ್ಲ ಇರುತ್ತವೆ. ಅವುಗಳಿಂದ ಕಟ್ಟುವುದಕ್ಕೆ ಸಾಮಾನು ಮಾತ್ರ ಇರುವುದಿಲ್ಲ. ಹೀಗಾಗಿ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಹೋಲಿಸುವುದನ್ನು ಬಿಟ್ಟು, ಎಲ್ಲ ಸೆಟ್ಟಿಗೂ ಒಂದೇ ಕೆಲಸ ಕೊಟ್ಟು ನೋಡಿದೆವು: 20 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ನಾಲ್ಕು ಗಾಲಿಯ ಬಂಡಿ ಕಟ್ಟಬೇಕು, ಮೇಲೆ ಒಂದು ಕಿಲೋ ಜೋಳದ ಚೀಲ ಇಟ್ಟು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಎಳೆಯಬೇಕು. ದೊಡ್ಡವರು ಹೇಳಿಕೊಡಬಹುದು, ಕೈ ಹಾಕುವ ಹಾಗಿಲ್ಲ. ಸೆಟ್ಟಿನಲ್ಲಿ ಗಾಲಿ ಇಲ್ಲದಿದ್ದರೆ ಉಪ್ಪಿನಕಾಯಿ ಡಬ್ಬಿಯ ಮುಚ್ಚಳದೊಳಗೆ ರಟ್ಟಿನ ಬಿಲ್ಲೆ ತುಂಬಿ ಕೊಟ್ಟೆವು.

ಕೊಳ್ಳುವ ಮೊದಲು ಒಂದು ಮಾತು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಾದಾ ಆಟಿಕೆಗೆ ಐಎಸ್ 9873, ಬ್ಯಾಟರಿಯದಕ್ಕೆ ಐಎಸ್ 15644 ಎಂದಿರುತ್ತದೆ. ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯ ಮುಂದೆ ನಿಂತೇ ಗೊತ್ತಾಗುತ್ತದೆ. ಜಾತ್ರೆಯ ಸಾಲಂಗಡಿಯ ಸೆಟ್ಟುಗಳಲ್ಲಿ ಗುರುತು ಹುಡುಕಿಯೇ ನೋಡಬೇಕು. ಆದರೆ ಈ ಗುರುತು ಹೇಳುವುದು ವಸ್ತು ಸುರಕ್ಷಿತ ಎಂದಷ್ಟೆ. ಅದರಿಂದ ಏನಾದರೂ ಕಟ್ಟಲು ಬರುತ್ತದೆ ಎಂದಲ್ಲ.

ಪ್ಲಾಸ್ಟಿಕ್ ನಟ್ಟು-ಬೋಲ್ಟಿನ ಸೆಟ್ಟು

ತೂತಿನ ಪಟ್ಟಿ, ಹೆಬ್ಬೆರಳು ಗಾತ್ರದ ಬೋಲ್ಟು, ಪ್ಲಾಸ್ಟಿಕ್ ಪಾನಾ. ಮೂರರಿಂದ ಆರು ವರ್ಷದವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲು ಎಂಬುದು ಎರಡೇ ದಿನದಲ್ಲಿ ಕೈಗೆ ಕೂಡುತ್ತದೆ. ಬಂಡಿಯೂ ಆಯಿತು, ಜೋಳವನ್ನೂ ಹೊತ್ತಿತು, ಅರ್ಧ ದಾರಿಯಲ್ಲಿ ಗಾಲಿ ಕಳಚಿತು. ಕಾರಣ ಸರಳ. ದಪ್ಪ ಬೋಲ್ಟಿನ ಹುರಿ, ಅಂದರೆ ಮೈಮೇಲಿನ ಸುತ್ತುಗೆರೆ, ದೂರ ದೂರ ಇರುತ್ತದೆ, ಅದರ ಇಳಿಜಾರು ಹೆಚ್ಚು. ಗಾಲಿ ಅಲುಗಿದಂತೆಲ್ಲ ನಟ್ಟು ತಾನೇ ಹಿಂದಕ್ಕೆ ಸರಿಯುತ್ತದೆ. ಸೈಕಲ್ಲಿನ ಹಳೆಯ ಟ್ಯೂಬಿನಿಂದ ರೂಪಾಯಿ ಅಗಲದ ಬಿಲ್ಲೆ ಕತ್ತರಿಸಿ ನಟ್ಟಿನ ಕೆಳಗೆ ಹಾಕಿದ ಮೇಲೆ ಬಂಡಿ ಗೋಡೆ ಮುಟ್ಟಿತು.

ಕೊಳ್ಳುವಾಗ ಒಂದು ಪಟ್ಟಿಯನ್ನು ಬಾಗಿಸಿ ನೋಡಿ. ಬಾಗಿ ಮರಳಿ ನೆಟ್ಟಗಾದರೆ ಸರಿ. ಬಾಗಿದಲ್ಲೇ ಬಿಳಿ ಗೆರೆ ಬಿದ್ದರೆ ಮುಂದೆ ಅಲ್ಲೇ ಮುರಿಯುವ ಸಂಭವ ಹೆಚ್ಚು, ಮುರಿದ ಅಂಚು ಚೂಪಾಗಿರುತ್ತದೆ. ಚೈತ್ರ-ವೈಶಾಖದ ಬಿಸಿಲಲ್ಲಿ ಮಾಳಿಗೆಯ ಮೇಲೆ ಬಿಟ್ಟ ಸೆಟ್ಟು, ಎಷ್ಟೇ ಒಳ್ಳೆಯದಿರಲಿ, ಇದೇ ಗತಿಗೆ ಬರುತ್ತದೆ. ಇಂಥ ಕೆಲವು ಸೆಟ್ಟುಗಳಲ್ಲಿ ಬ್ಯಾಟರಿ ಡ್ರಿಲ್ಲೂ ಇರುತ್ತದೆ. ಮಕ್ಕಳಿಗೆ ಅದರ ಸದ್ದೇ ಇಷ್ಟ, ಕೆಲಸ ಕಲಿಸುವುದು ಕೈಪಾನಾ. ಡ್ರಿಲ್ಲು ಬೇಕೇ ಬೇಕು ಅಂದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಬಿಲ್ಲೆ ಬ್ಯಾಟರಿ ಹಾಕುವಂಥದ್ದನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಲೇಬೇಡಿ: ನುಂಗಿದ ಲಿಥಿಯಂ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೆ ಸುಟ್ಟ ಗಾಯ ಮಾಡುತ್ತದೆ.

ಮರದ ಆಟಿಕೆ ಸೆಟ್ಟು

ಚನ್ನಪಟ್ಟಣದ ಹಾಲೆ ಮರ, ಅರಗಿನ ಬಣ್ಣ, ನುಣುಪಾದ ಸುತ್ತಿಗೆ. ನೋಡಲು ಚೆಂದ, ಹಿಡಿಯಲು ಚೆಂದ. ಗೂಟ ಬಡಿಯುವ ವಯಸ್ಸಿನ ಮಗುವಿಗೆ ಸಾಕು, ಬಂಡಿ ಕಟ್ಟುವವರಿಗಲ್ಲ. ಮರದ ಸ್ಕ್ರೂ ಇರುವ ಸೆಟ್ಟಾದರೆ ಧಾರವಾಡದ ಮಳೆಗಾಲದಲ್ಲಿ ಹುರಿ ಉಬ್ಬಿ ಅಂಟಿಕೊಳ್ಳುತ್ತದೆ. ಒಣ ಮೇಣದಬತ್ತಿ ಉಜ್ಜಿದರೆ ಬಿಡುತ್ತದೆ, ಎಣ್ಣೆ ಹಚ್ಚಿದರೆ ಇನ್ನಷ್ಟು ಜಿಗಟು. ಭೌಗೋಳಿಕ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ಐಎಸ್‌ಐ ಕಡ್ಡಾಯದಿಂದ ವಿನಾಯಿತಿ ಇದೆ, ಅವುಗಳ ಮೇಲೆ ಐಎಸ್‌ಐ ಗುರುತು ಕಾಣದಿದ್ದರೆ ಗಾಬರಿ ಬೇಡ.

ರಟ್ಟು ಕೊಯ್ಯುವ ಸೆಟ್ಟು

ಪ್ಲಾಸ್ಟಿಕ್ಕಿನ ಮೊಂಡು ಗರಗಸ, ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ಸ್ಕ್ರೂ, ಅದನ್ನು ತಿರುಗಿಸುವ ಹಿಡಿಕೆ. ನಮ್ಮ ಅಂಗಡಿಗಳಲ್ಲಿ ಅಪರೂಪ, ಆನ್‌ಲೈನಿನಲ್ಲಿ ತರಿಸಬೇಕು. ಐದರಿಂದ ಎಂಟು ವರ್ಷದವರಿಗೆ ನಮ್ಮ ಮೊದಲ ಆಯ್ಕೆ ಇದೇ. ಯಾಕೆಂದರೆ ಸಾಮಾನು ಮುಗಿಯುವುದೇ ಇಲ್ಲ: ಅಮರಗೋಳದ ಎಪಿಎಂಸಿ ಕಡೆ ಹಣ್ಣಿನ ಖಾಲಿ ಡಬ್ಬಿ, ಕಿರಾಣಿ ಅಂಗಡಿಯಲ್ಲಿ ಬಿಸ್ಕಿಟ್ ಡಬ್ಬಿ, ಕೇಳಿದರೆ ಸಾಕು.

ರಟ್ಟಿನ ಗುಣ ತಿಳಿಯದಿದ್ದರೆ ಮಾತ್ರ ಮಗು ಬೇಸತ್ತು ಬಿಟ್ಟುಬಿಡುತ್ತದೆ. ಬಿಸ್ಕಿಟ್ ಡಬ್ಬಿ ಸಾಮಾನ್ಯವಾಗಿ ಮೂರು ಪದರದ್ದು, ಸುಮಾರು 3 ಮಿ.ಮೀ. ಇದನ್ನು ಪ್ಲಾಸ್ಟಿಕ್ ಗರಗಸ ಸಲೀಸಾಗಿ ಕೊಯ್ಯುತ್ತದೆ. ಸೇಬಿನ ಡಬ್ಬಿ ಐದು ಪದರದ್ದು, 6-7 ಮಿ.ಮೀ. ಬರುತ್ತದೆ, ಗಟ್ಟಿಯೇನೋ ಹೌದು, ಕೊಯ್ಯುವಷ್ಟರಲ್ಲಿ ಚಿಕ್ಕ ಕೈ ಸೋಲುತ್ತದೆ. ಒಳಗಿನ ಅಲೆಗೆ ಅಡ್ಡವಾಗಿ ಕೊಯ್ದರೆ ಗೆರೆ ಶುಚಿಯಾಗಿ ಬರುತ್ತದೆ, ಅಲೆಯ ಉದ್ದಕ್ಕೆ ಹೋದರೆ ಹಲ್ಲು ಎರಡು ಅಲೆಗಳ ನಡುವೆ ಜಾರಿ ರಟ್ಟು ಹರಿಯುತ್ತದೆ. ಅದಕ್ಕೆ ಉದ್ದದ ಗೆರೆ ಬಂದಲ್ಲಿ ಮೊದಲು ಚಮಚದ ಹಿಡಿಕೆಯಿಂದ ಒತ್ತಿ ಮಡಚಿ, ಆಮೇಲೆ ಕೊಯ್ಯಿಸಿ.

ಇನ್ನೊಂದು ಅಪಾಯ ಸೆಟ್ಟಿನಲ್ಲಿಲ್ಲ, ಡಬ್ಬಿಯಲ್ಲಿದೆ. ತಳದ ಜೋಡಣೆಗೆ ಹೊಡೆದ ತಂತಿಯ ಪಿನ್ನು. ಮೊಂಡು ಗರಗಸಕ್ಕೆ ಹೆದರುವವರು ಈ ತುಕ್ಕುಪಿನ್ನನ್ನು ನೋಡುವುದೇ ಇಲ್ಲ. ಡಬ್ಬಿ ಮಗುವಿನ ಕೈಗೆ ಹೋಗುವ ಮೊದಲು ಇಕ್ಕಳದಿಂದ ಎಲ್ಲವನ್ನೂ ಕಿತ್ತು ಎಣಿಸಿ ಒಂದು ಡಬ್ಬದಲ್ಲಿ ಹಾಕಿಡಿ.

ಬಂಡಿಯ ವಿಷಯ: ಒಂದೇ ಪದರದ ತಳ ಜೋಳದ ಭಾರಕ್ಕೆ ನಡುವೆ ಕುಸಿಯಿತು. ಎರಡು ತುಂಡು, ಒಂದರ ಅಲೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಫೆವಿಕಾಲ್ ಹಚ್ಚಿ, ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಟ್ಟ ಮೇಲೆ ನಿಂತಿತು. ಗಾಲಿಯ ಅಚ್ಚಿನ ತೂತು ಹಿಗ್ಗುವುದೂ ಖಚಿತ. ಖಾಲಿ ಸ್ಕೆಚ್ ಪೆನ್ನಿನ ಕೊಳವೆ ಕತ್ತರಿಸಿ ತೂತಿನಲ್ಲಿ ಕೂಡಿಸಿದರೆ ಅಚ್ಚು ಅದರೊಳಗೆ ತಿರುಗುತ್ತದೆ, ರಟ್ಟು ಸವೆಯುವುದಿಲ್ಲ.

ಲೋಹದ ಪಟ್ಟಿಯ ಸೆಟ್ಟು

1901ರಲ್ಲಿ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಪೇಟೆಂಟ್ ಪಡೆದ, ಮುಂದೆ ಮೆಕ್ಯಾನೊ ಎಂದು ಹೆಸರಾದ ಆಟಿಕೆಯ ವಂಶ ಇದು: ಅರ್ಧ ಇಂಚಿಗೊಂದು ತೂತಿನ ತಗಡಿನ ಪಟ್ಟಿ, ಸಣ್ಣ ನಟ್ಟು-ಬೋಲ್ಟು. ನಮ್ಮ ದೇಶದ ಸೆಟ್ಟುಗಳು ಹುಬ್ಬಳ್ಳಿ-ಧಾರವಾಡದ ಆಟಿಕೆ ಅಂಗಡಿಗಳಲ್ಲಿ ಸಿಗುತ್ತವೆ. ಎಂಟು ವರ್ಷ ಆಗುವ ತನಕ ಕಾಯಿರಿ. ಬೆರಳಿನ ತುದಿಯಲ್ಲಿ ನಟ್ಟು ಹಿಡಿದು ಹುರಿ ಕೂಡಿಸುವ ನಯ ಅದಕ್ಕೂ ಮೊದಲು ಬಂದಿರುವುದಿಲ್ಲ.

ಭಾರ ಹೊರುವುದರಲ್ಲಿ ಕೊಂಡುತಂದ ಸೆಟ್ಟುಗಳ ಪೈಕಿ ಇದೇ ಮುಂದು. ಆದರೆ ಮೊದಲು ಕಟ್ಟಿದ ಚೌಕಟ್ಟು ಎಳೆದ ಕೂಡಲೇ ಓರೆಯಾಗಿ ಮಲಗಿತು. ನಾಲ್ಕು ಪಟ್ಟಿಯನ್ನು ಮೂಲೆಗೊಂದೇ ಬೋಲ್ಟು ಹಾಕಿ ಜೋಡಿಸಿದರೆ ಅದು ಹಾಗೇ ಆಗುತ್ತದೆ, ಎಷ್ಟೇ ಬಿಗಿದರೂ. ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಹಾಕಿದರೆ ಚೌಕ ಎರಡು ತ್ರಿಕೋನವಾಗುತ್ತದೆ, ಅಲುಗುವುದಿಲ್ಲ. ಗಾಲಿಗೆ ಬೇರೆ ಉಪಾಯ: ನಟ್ಟು ಬಿಗಿದರೆ ಗಾಲಿ ತಿರುಗದು, ಸಡಿಲ ಬಿಟ್ಟರೆ ಉದುರುತ್ತದೆ. ಮೊದಲ ನಟ್ಟನ್ನು ಗಾಲಿಗೆ ಕೂದಲೆಳೆ ಅಂತರ ಬಿಟ್ಟು ನಿಲ್ಲಿಸಿ, ಅದರ ಬೆನ್ನಿಗೆ ಎರಡನೆಯ ನಟ್ಟು ತಂದು, ಒಂದು ಪಾನಾದಲ್ಲಿ ಮೊದಲನೆಯದನ್ನು ಹಿಡಿದು ಇನ್ನೊಂದರಲ್ಲಿ ಎರಡನೆಯದನ್ನು ಬಿಗಿಯಬೇಕು. ಎರಡೂ ಒಂದಕ್ಕೊಂದು ಒತ್ತಿ ಕುಳಿತು ಅಲ್ಲಾಡುವುದಿಲ್ಲ. ಸೆಟ್ಟಿನಲ್ಲಿ ಹೆಚ್ಚಾಗಿ ಒಂದೇ ಪಾನಾ ಇರುತ್ತದೆ, ಇನ್ನೊಂದನ್ನು ಹೊರಗೆ ಕೊಳ್ಳಲೇಬೇಕು.

ನಟ್ಟು ಕಳೆಯುವುದು ಸಹಜ. ಬದಲಿ ಕೊಳ್ಳುವಾಗ ಹಳೆಯ ಬೋಲ್ಟನ್ನು ಅಂಗಡಿಗೆ ಒಯ್ಯಿರಿ. ಮೆಕ್ಯಾನೊದ ಹಳೆಯ ಅಳತೆ 5/32 ಇಂಚು. ಈಗ ಎಲ್ಲೆಡೆ ಸಿಗುವುದು ಎಂ4, ಅಂದರೆ 4 ಮಿ.ಮೀ. ದಪ್ಪದ್ದು. ದಪ್ಪ ಹೆಚ್ಚುಕಡಿಮೆ ಒಂದೇ ಆದರೂ ಹುರಿಯ ಅಂತರ ಮೊದಲನೆಯದರಲ್ಲಿ 0.79 ಮಿ.ಮೀ., ಎರಡನೆಯದರಲ್ಲಿ 0.7. ಎರಡು ಸುತ್ತು ಹೋಗಿ ಗಕ್ಕನೆ ನಿಲ್ಲುತ್ತದೆ, ಬಲ ಹಾಕಿದರೆ ಎರಡೂ ಹಾಳು. ಪಟ್ಟಿಯ ಅಂಚನ್ನು ಬೆರಳಿನಿಂದ ಪರೀಕ್ಷಿಸಬೇಡಿ, ಹತ್ತಿಯ ಉಂಡೆ ಸವರಿ. ಎಳೆ ಸಿಕ್ಕಿಕೊಂಡಲ್ಲಿ ತಗಡಿನ ಮುಳ್ಳಿದೆ. 180 ನಂಬರಿನ ಉಪ್ಪುಕಾಗದ ನಾಲ್ಕು ಸಲ ಎಳೆದರೆ ಹೋಗುತ್ತದೆ.

ಆಟಿಕೆಯೂ ಅಲ್ಲದ, ಹತಾರವೂ ಅಲ್ಲದ ‘ಮಕ್ಕಳ ಅಸಲಿ ಟೂಲ್ ಸೆಟ್ಟು’

ಇದೊಂದನ್ನು ಬಿಡಿ ಎಂದೇ ಹೇಳುತ್ತೇವೆ. ಬಣ್ಣದ ಹಿಡಿಕೆ, ಲೋಹದ ತಲೆ, ನೋಡಿದರೆ ಕೆಲಸದ್ದೇ ಅನ್ನಿಸುತ್ತದೆ. ಸ್ಕ್ರೂ ಡ್ರೈವರಿನ ತುದಿ ಮೆತ್ತನೆಯ ಕಬ್ಬಿಣ, ಎರಡನೆಯ ಸ್ಕ್ರೂಗೆ ಮೂಲೆ ದುಂಡಾಗಿ ಜಾರುತ್ತದೆ, ಜಾರಿದ ತುದಿ ಹೋಗುವುದು ಎಡಗೈ ಇರುವಲ್ಲಿಗೇ. ಗರಗಸದ ಹಲ್ಲನ್ನು ಅಕ್ಕಪಕ್ಕ ಬಾಗಿಸಿಯೇ ಇರುವುದಿಲ್ಲ, ಹಾಗಾಗಿ ಅರ್ಧ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಮಗು ಜಗ್ಗುತ್ತದೆ, ಹೊರಬಂದ ಗರಗಸ ಎಲ್ಲಿ ಬೀಳುತ್ತದೆಂದು ಹೇಳಲಾಗದು. ಸುತ್ತಿಗೆಯ ತಲೆಗೆ ಬೆಣೆಯಿಲ್ಲ, ಬರೀ ಅಂಟು. ಕೆಲಸಕ್ಕೆ ಬಾರದ ಹತಾರಿಗೆ ಬಲ ಹೆಚ್ಚು ಬೇಕು, ಬಲ ಹೆಚ್ಚಿದಲ್ಲೇ ಗಾಯ.

ಹಾರ್ಡ್‌ವೇರ್ ಅಂಗಡಿಯಿಂದ ನಾವೇ ಕೂಡಿಸಿದ್ದು

ಏಳೆಂಟು ವರ್ಷ ದಾಟಿದ, ಹೇಳಿದ ಮಾತು ಕೇಳುವ ಮಗುವಿಗೆ ಇದರ ಮುಂದೆ ಉಳಿದವೆಲ್ಲ ಸಪ್ಪೆ. ಗದಗ, ಹಾವೇರಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಸಾಮಾನೇ. 100 ಗ್ರಾಂ ಸುತ್ತಿಗೆ. 6 ಇಂಚಿನ ಬ್ಲೇಡಿನ ಜೂನಿಯರ್ ಹ್ಯಾಕ್ಸಾ. ಕೈಯಿಂದ ತಿರುಗಿಸುವ ಹಲ್ಲುಗಾಲಿಯ ಡ್ರಿಲ್ಲು, 6 ಮಿ.ಮೀ. ತನಕದ ಬಿಟ್ಟು (ಕೊರೆಯುವ ಕಡ್ಡಿ) ಹಿಡಿಯುವ ಚಕ್ಕಿನದು, 3 ಇಂಚಿನ ಸಿ-ಕ್ಲ್ಯಾಂಪು ಎರಡು, ಗಿಡ್ಡ ಹಿಡಿಕೆಯ ಸ್ಕ್ರೂ ಡ್ರೈವರ್, ಕಣ್ಣಿಗೆ ಕನ್ನಡಕ. ದೊಡ್ಡವರ ಕನ್ನಡಕ ಮಗುವಿನ ಕೆನ್ನೆಯ ಬಳಿ ಬಾಯಿ ಬಿಡುತ್ತದೆ, ಚಿಕ್ಕ ಅಳತೆಯದನ್ನೇ ಹುಡುಕಬೇಕು.

ಇವುಗಳಲ್ಲಿ ಎಲ್ಲರೂ ಮರೆಯುವುದು ಕ್ಲ್ಯಾಂಪು. ಅಸಲಿ ಸುರಕ್ಷೆ ಅಲ್ಲಿದೆ. ಮರವನ್ನು ಕ್ಲ್ಯಾಂಪು ಹಿಡಿದರೆ ಎಡಗೈಗೆ ಗರಗಸದ ದಾರಿಯಲ್ಲಿ ಕೆಲಸವೇ ಇಲ್ಲ, ಎರಡೂ ಕೈ ಹಿಡಿಕೆಯ ಮೇಲೆ. ಕೈಡ್ರಿಲ್ಲಿನ ಗುಣವೂ ಅದೇ: ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ತಿರುಗಿಸಲು, ಬಿಟ್ಟಿನ ಹತ್ತಿರ ಬೆರಳೇ ಉಳಿಯುವುದಿಲ್ಲ. ಹಲ್ಲುಗಾಲಿಯ ಸಂದಿಗೆ ಮಾತ್ರ ಉದ್ದ ತೋಳಿನ ಅಂಗಿ, ಬಿಚ್ಚಿದ ಕೂದಲು ಸಿಗದಂತೆ ನೋಡಿಕೊಳ್ಳಿ. ತಿರುಗುವ ಹತಾರದ ಜೊತೆ ಕೈಗವಸು ಬೇಡ.

ಬಂಡಿಗೆ ಬೇಕಾದ್ದು 40 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಪೈನ್ ಪಟ್ಟಿ, ಕೊಯ್ತದ ನಷ್ಟ ಸೇರಿ 110 ಸೆಂ.ಮೀ. ಸಾಮಿಲ್ಲಿನಲ್ಲೇ ಸೀಳಿಸಿ ತನ್ನಿ. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಿಗೆ ಯಂತ್ರ ಬಂದ ಪೆಟ್ಟಿಗೆಗಳ ಪೈನ್ ಗುಜರಿಯಲ್ಲಿ ಅಗ್ಗ, ಆದರೆ ಮುದ್ರೆ ನೋಡಿ: ಎಚ್‌ಟಿ ಅಂದರೆ ಬಿಸಿ ಕೊಟ್ಟ ಮರ, ಅದು ಸರಿ, ಎಂಬಿ ಅಂದರೆ ಮಿಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಮಕ್ಕಳ ಕೈಗೆ ಬೇಡ. ಜಾಲಿ, ತೇಗದ ಚೂರು ಬಡಿಗರ ಅಂಗಳದಲ್ಲಿ ಪುಕ್ಕಟೆ ಸಿಕ್ಕರೂ ಕಲಿಯುವವರಿಗೆ ಅಲ್ಲ, ವಿಶೇಷವಾಗಿ ಜಾಲಿ.

12 ಸೆಂ.ಮೀ. ತುಂಡು ಐದು, 20 ಸೆಂ.ಮೀ. ತುಂಡು ಎರಡು. ಹ್ಯಾಕ್ಸಾದ ಹಲ್ಲು ಸಣ್ಣ, ಕೊಯ್ತ ನಿಧಾನ, ಆದರೆ ಗರಗಸದ ಹಾಗೆ ಕಚ್ಚಿ ಹಾರುವುದಿಲ್ಲ. ಎರಡು ಉದ್ದ ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ, ಐದು ಅಡ್ಡ ತುಂಡನ್ನು ಮೇಲೆ ಸಾಲಾಗಿ ಹಾಕಿದರೆ ಸರಿಯಾಗಿ 20 ಸೆಂ.ಮೀ. ತುಂಬುತ್ತದೆ. ತುಂಡಿಗೆರಡರಂತೆ 6 ನಂಬರಿನ 1 ಇಂಚಿನ ಸ್ಕ್ರೂ ಹತ್ತು. ಮೊದಲು 2 ಮಿ.ಮೀ. ತೂತು ಕೊರೆಯಲೇಬೇಕು, ಕೊರೆಯದೆ ಸ್ಕ್ರೂ ಹೊಡೆದರೆ 12 ಮಿ.ಮೀ. ಅಂಚು ಟಪ್ಪನೆ ಸೀಳುತ್ತದೆ. 2 ಮಿ.ಮೀ. ಡ್ರಿಲ್ ಬಿಟ್ಟು ಮುರಿಯುವುದು ಒತ್ತಿದ್ದಕ್ಕಲ್ಲ, ವಾಲಿದ್ದಕ್ಕೆ. ಬಿಟ್ಟನ್ನು ಚಕ್ಕಿನೊಳಗೆ ಆದಷ್ಟು ತಳ್ಳಿ ಹೊರಗೆ 30 ಮಿ.ಮೀ. ಮಾತ್ರ ಬಿಟ್ಟರೆ ಮುರಿಯುವುದು ತೀರಾ ಕಡಿಮೆಯಾಗುತ್ತದೆ. ಅಚ್ಚಿಗೆ 5 ಮಿ.ಮೀ. ಕಬ್ಬಿಣದ ಸರಳು, ತೂತು 6 ಮಿ.ಮೀ. ಸ್ಕ್ರೂ ಬದಲು ಮೊಳೆ ಹೊಡೆಯುವುದಾದರೆ ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಮೊಳೆ ಹಿಡಿಸಿ, ಬೆರಳಿನಿಂದಲ್ಲ. ಈ ಬಂಡಿ ಒಂದು ಕಿಲೋ ಜೋಳವನ್ನಲ್ಲ, ಐದು ಕಿಲೋ ಹಿಟ್ಟಿನ ಚೀಲವನ್ನೇ ಎಳೆಯಿತು.

ಖರ್ಚು? ಕೈಡ್ರಿಲ್ಲೇ ದುಬಾರಿ ಬಾಬ್ತು. ಒಳ್ಳೆಯ ಲೋಹದ ಸೆಟ್ಟಿನ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಎಲ್ಲ ಬರುತ್ತದೆ, ಮತ್ತು ಮಗು ದೊಡ್ಡದಾದ ಮೇಲೆ ಮನೆಗೇ ಉಪಯೋಗ. ಒಂದೇ ತೊಡಕು: ಯಾರಾದರೂ ದೊಡ್ಡವರು ಪಕ್ಕದಲ್ಲಿ ಕೂರಲೇಬೇಕು, ಮೊಬೈಲ್ ಬದಿಗಿಟ್ಟು. ಆ ಪುರಸೊತ್ತು ಇಲ್ಲದ ಮನೆಗೆ ರಟ್ಟಿನ ಸೆಟ್ಟೇ ವಾಸಿ.

ಮನೆಯಲ್ಲಿ ಮೂರು ತುಂಬದ ಕೂಸೂ ಇದ್ದರೆ ಯಾವ ಸೆಟ್ಟಾದರೂ ಒಂದು ಪರೀಕ್ಷೆ ಮಾಡಿ. ಆಟಿಕೆ ಪರೀಕ್ಷಿಸುವವರು ಬಳಸುವ ಕೊಳವೆಯ ಒಳವ್ಯಾಸ 31.7 ಮಿ.ಮೀ. ಅಷ್ಟಗಲದ ಬಾಯಿಯ, ಒಂದು ಬದಿಗೆ ಒಂದು ಇಂಚು, ಎದುರು ಬದಿಗೆ ಎರಡೂಕಾಲು ಇಂಚು ಆಳದ ಕೊಳವೆಯನ್ನು ದಪ್ಪ ಕಾಗದದಲ್ಲಿ ಸುತ್ತಿ ಅಂಟಿಸಿ, ತಳವನ್ನು ಓರೆಯಾಗಿ ಮುಚ್ಚಿ. ಪೂರ್ತಿ ಅದರೊಳಗೆ ಮುಳುಗುವ ನಟ್ಟು, ಬೋಲ್ಟು, ಸ್ಕ್ರೂ ಎಲ್ಲವೂ ಆ ಕೂಸಿನ ಗಂಟಲಿಗೆ ಅಪಾಯ. ಅವು ತಿರುಪು ಮುಚ್ಚಳದ ಡಬ್ಬಿಗೆ, ಡಬ್ಬಿ ಮೇಲಿನ ಹಲಗೆಗೆ.