ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಗೊತ್ತಾಗದ ಸೀಟು: 350 ಸಿಸಿ ಬೈಕಿನ ಜೊತೆ ಮೂರು ವರ್ಷ

ಮೀಟರ್ ಈಗ 38,600 ಕಿ.ಮೀ. ತೋರಿಸುತ್ತಿದೆ. ಅದರಲ್ಲಿ ಮುಕ್ಕಾಲು ಪಾಲು ಮನೆಯಿಂದ ಆಫೀಸು, ಆಫೀಸಿನಿಂದ ಮನೆ. ದಿನಕ್ಕೆ 36 ಕಿ.ಮೀ. ಉಳಿದದ್ದು ಎರಡು ತಿಂಗಳಿಗೊಮ್ಮೆ ಹೊರಡುವ ದೂರದ ಪ್ರಯಾಣ. ಎರಡು ಗಾಡಿ ಸಾಕುವ ಶಕ್ತಿ ನನಗಿಲ್ಲ, ಎರಡೂ ಕೆಲಸ ಒಂದರಲ್ಲೇ ಆಗಬೇಕಿತ್ತು. ಅದಕ್ಕೇ ನೆಟ್ಟಗೆ ಕೂತು ಓಡಿಸುವಂಥ, ಒಂದೇ ಸಿಲಿಂಡರಿನ, ಏರ್ ಕೂಲ್ಡ್ (ಎಂಜಿನ್ ಗಾಳಿಯಿಂದಲೇ ತಣಿಯುವ) 350 ಸಿಸಿ ಗಾಡಿ ತಗೊಂಡೆ. ಪವರ್ ಎಷ್ಟು, ತೂಕ ಎಷ್ಟು ಅನ್ನುವುದೆಲ್ಲ ನೀವು ಈಗಾಗಲೇ ನೋಡಿರುತ್ತೀರಿ. ನಾನು ಬರೆಯುತ್ತಿರುವುದು ಸೀಟಿನ ಬಗ್ಗೆ.

ಶೋರೂಮಿನಲ್ಲಿ ಕೂತ ತಕ್ಷಣ ಮನಸ್ಸು ಸೋತದ್ದೇ ಆ ಸೀಟಿಗೆ. ಅಗಲ, ಮೆತ್ತಗೆ, ಸೋಫಾ ಇದ್ದ ಹಾಗೆ. ಹತ್ತು ನಿಮಿಷ ಓಡಿಸಿ ಬಂದು ಅವತ್ತೇ ಬುಕ್ ಮಾಡಿದೆ. ಮೊದಲ ಎರಡು ತಿಂಗಳು ಏನೂ ತೊಂದರೆಯಿಲ್ಲ, ಯಾಕೆಂದರೆ ಆಫೀಸಿಗೆ ಮುಕ್ಕಾಲು ಗಂಟೆಯ ದಾರಿ ಅಷ್ಟೆ. ಮೊದಲ ದೂರದ ಪ್ರಯಾಣದಲ್ಲಿ ಬಣ್ಣ ಬಯಲಾಯಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಫೋಮ್ ಪೂರ್ತಿ ಕುಸಿದು, ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆಯೇ ಕೂತಂತಾಯಿತು. ಎರಡನೇ ಗಂಟೆಗೆ ಬಲಗೈ ಜೋಮು ಹಿಡಿಯಿತು. ಪೂರ್ತಿ ಕೈಯಲ್ಲ, ಕಿರುಬೆರಳು ಮತ್ತು ಉಂಗುರಬೆರಳು ಮಾತ್ರ.

ಕೈ ಜೋಮು ಹಿಡಿದರೆ ಯಾರಿಗಾದರೂ ಎಂಜಿನ್ ನಡುಕವೇ ಕಾರಣ ಅನ್ನಿಸುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ಅದು ಪೂರ್ತಿ ಹೋಗುವುದಿಲ್ಲ, ನನ್ನದರಲ್ಲೂ ವೇಗ ಗಂಟೆಗೆ 95 ಕಿ.ಮೀ. ದಾಟಿದರೆ ಫುಟ್‌ರೆಸ್ಟ್ ಜುಮ್ಮೆನ್ನುತ್ತದೆ. ಹಾಗಾಗಿ ದಪ್ಪ ಗ್ರಿಪ್ ಹಾಕಿಸಿದೆ, ಹ್ಯಾಂಡಲ್ ತುದಿಗೆ ಭಾರದ ತೂಕ ಕೂಡಿಸಿದೆ, ಜೆಲ್ ಇರುವ ಗ್ಲೌಸ್ ಕೊಂಡೆ. ಒಂದೂವರೆ ವರ್ಷ ಹೀಗೇ ಕಳೆಯಿತು. ಸೀಟಿನ ಮೇಲೆ ಹಾಕುವ ಮೆತ್ತೆಯನ್ನೂ ತಂದೆ. ಅದು ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತಿತ್ತು. ಸಾಲದ್ದಕ್ಕೆ ಎತ್ತರ ಹೆಚ್ಚಾಗಿ ಸಿಗ್ನಲ್‌ಗಳಲ್ಲಿ ಹಿಮ್ಮಡಿ ನೆಲ ಮುಟ್ಟದಂತಾಯಿತು. ಒಂದೇ ವಾರಕ್ಕೆ ತೆಗೆದಿಟ್ಟೆ. ಆ ದಿನಗಳಲ್ಲಿ ಈ ಗಾಡಿಯನ್ನು ಮಾರಿಬಿಡುವ ಯೋಚನೆಯೂ ಬಂದಿತ್ತು.

ನಿಜವಾದ ಕಾರಣ ಗೊತ್ತಾದದ್ದು ಒಂದು ಭಾನುವಾರ. ಗಾಡಿ ತೊಳೆದು ಒರೆಸುವಾಗ ಸೀಟಿನ ಮುಂಭಾಗ ಟ್ಯಾಂಕಿನ ಕಡೆಗೆ ಇಳಿಜಾರಾಗಿದೆ ಅನ್ನಿಸಿತು. ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂಬದಿ ಎತ್ತರವಾಗಿ ಲೆಕ್ಕ ತಪ್ಪುತ್ತದೆ. ಅದಕ್ಕೆ ಹೆಂಡತಿಗೆ ಹ್ಯಾಂಡಲ್ ಹಿಡಿದು ಗಾಡಿಯನ್ನು ಎರಡೂ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಲು ಹೇಳಿ, ಸೀಟಿನ ನಡುವೆ ಒಂದು ಟೆನಿಸ್ ಚೆಂಡು ಇಟ್ಟೆ. ನಿಧಾನಕ್ಕೆ ಉರುಳಿ ಹೋಗಿ ಟ್ಯಾಂಕಿಗೆ ತಾಗಿ ನಿಂತಿತು. ಪ್ರತಿ ಬ್ರೇಕಿಗೂ ನಾನೂ ಹಾಗೆಯೇ ಮುಂದಕ್ಕೆ ಜಾರುತ್ತಿದ್ದೆ, ಜಾರದಿರಲು ಅಂಗೈ ಬುಡವನ್ನು ಹ್ಯಾಂಡಲ್‌ಗೆ ಒತ್ತಿ ಮೈಯನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಕಿರುಬೆರಳು, ಉಂಗುರಬೆರಳಿಗೆ ಹೋಗುವ ಅಲ್ನರ್ ನರ ಹಾಯುವುದು ಸರಿಯಾಗಿ ಆ ಜಾಗದಲ್ಲೇ, ಅಂಗೈ ಬುಡದ ಹೊರಬದಿಯಲ್ಲಿ. ರೋಗ ಸೀಟಿನಲ್ಲಿತ್ತು, ನಾನು ಔಷಧಿ ಹಚ್ಚಿದ್ದು ಹ್ಯಾಂಡಲ್‌ಗೆ.

ಸೀಟು ಕೆಲಸ ಮಾಡುವವರ ಹತ್ತಿರ ಹೋದೆ. ಅವರು ಕವರ್ ಬಿಚ್ಚಿ, ಹಳೆಯ ಫೋಮನ್ನು ಹೆಬ್ಬೆರಳಲ್ಲಿ ಒತ್ತಿದರು. ಬೆರಳು ತಳದವರೆಗೂ ಇಳಿಯಿತು. ಕೆಳಗಡೆ ಗಟ್ಟಿ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು), ಅದರ ಮೇಲೆ ಎರಡು ಸೆಂಟಿಮೀಟರ್ ಮೆತ್ತನೆಯದು ಹಾಕಿ, ಮುಂಭಾಗವನ್ನು ಒಂದೂವರೆ ಸೆಂಟಿಮೀಟರ್ ಎತ್ತರಿಸಿದರು. ಕಾಲು ಕೆಳಗಿಡುವ ಜಾಗದಲ್ಲಿ ಎರಡೂ ಅಂಚು ಕೆತ್ತಿಸಿದ್ದರಿಂದ ನೆಲ ಮುಟ್ಟುವುದಕ್ಕೆ ತೊಂದರೆಯಾಗಲಿಲ್ಲ. ಕೂತಾಗ ಮೊದಲಿಗಿಂತ ಗಟ್ಟಿ ಅನ್ನಿಸಿತು, ನಿಜ ಹೇಳಬೇಕೆಂದರೆ ಮನಸ್ಸಿಗೆ ಹಿಡಿಸಲಿಲ್ಲ. ಮುಂದಿನ ವಾರ 280 ಕಿ.ಮೀ. ಹೋದೆ. ಇಳಿದು ಹೆಲ್ಮೆಟ್ ಪಟ್ಟಿ ಬಿಚ್ಚುವಾಗ ಬೆರಳುಗಳು ಎಂದಿನಂತೆ ಮಾತು ಕೇಳಿದವು. ಅಷ್ಟು ಹೊತ್ತೂ ಕೈಯ ನೆನಪೇ ಬಂದಿರಲಿಲ್ಲ.

ಅಲ್ಲಿಂದ ಈ ಗಾಡಿಯ ಮೇಲೆ ನನಗೆ ಪ್ರೀತಿ ಬೆಳೆಯಿತು. ಊರೊಳಗೆ ಇದು ಬಂಗಾರ. ಮೂರನೇ ಗೇರಿನಲ್ಲಿ 30ಕ್ಕೆ ಇಳಿದರೂ ಒದ್ದಾಡುವುದಿಲ್ಲ, ಹಾಗೇ ಎಳೆದುಕೊಂಡು ಹೋಗುತ್ತದೆ, ಕ್ಲಚ್ಚಿಗೆ ಕೈ ಹೋಗುವುದೇ ಕಡಿಮೆ. ದಟ್ಟಣೆಯಲ್ಲಿ ಅರ್ಧ ಗಂಟೆ ನಿಂತು ನಿಂತು ಸಾಗಿದರೆ ಬಲ ಮೊಣಕಾಲಿಗೆ ಎಂಜಿನ್ ಬಿಸಿ ತಾಗುತ್ತದೆ, ಏರ್ ಕೂಲ್ಡ್ ಗಾಡಿಯಲ್ಲಿ ಇದಕ್ಕೆ ಪರಿಹಾರವಿಲ್ಲ. ಹೆದ್ದಾರಿಯಲ್ಲಿ 80–85 ಇದರ ಹದ. ಇದಕ್ಕಿಂತ ಹೆಚ್ಚು ವೇಗ ಬೇಕಾದವರು ಎರಡು ಸಿಲಿಂಡರಿನ ಗಾಡಿ ನೋಡುವುದೇ ಒಳ್ಳೆಯದು.

ದೂರ ಹೋಗುವ ಹಿಂದಿನ ಸಂಜೆ ನನಗೊಂದು ಕೆಲಸವಿದೆ, ಅದನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ. ಗಾಡಿಯನ್ನು ಒಂದು ಸುತ್ತು ಓಡಿಸಿ ಚೈನ್ ಬೆಚ್ಚಗಾದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಚೈನ್ ಒರೆಸುವುದು. ತಂತಿ ಬ್ರಷ್, ಪೆಟ್ರೋಲ್ ಎರಡನ್ನೂ ಹತ್ತಿರ ಸೇರಿಸುವುದಿಲ್ಲ, ಒಳಗಿನ ಗ್ರೀಸ್ ಹೊರಬರದಂತೆ ತಡೆಯುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್, ಹಾಳಾಗುತ್ತವೆ. ಆಮೇಲೆ ಚೈನಿನ ಒಳಮಗ್ಗುಲಿಗೆ ಲ್ಯೂಬ್. ಚಕ್ರ ತಿರುಗುವಾಗ ಅದು ತಾನೇ ಹೊರಗಿನವರೆಗೂ ಹರಡಿಕೊಳ್ಳುತ್ತದೆ. ಚೈನ್ ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ, ಆದ್ದರಿಂದ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ ಸಡಿಲ ಎಷ್ಟಿದೆ ಎಂದು ಅಳೆಯುತ್ತೇನೆ. ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ. ಒಬ್ಬನೇ ಹೋಗುವಾಗ ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಬಿಗಿತ ಎರಡನೇ ಹಲ್ಲಿನಲ್ಲಿ, ಇಬ್ಬರಾದರೆ ನಾಲ್ಕನೆಯದರಲ್ಲಿ. ಮೊದಲ ವರ್ಷ ಇದನ್ನು ಮುಟ್ಟಿಯೇ ಇರಲಿಲ್ಲ, ಹಂಪು ಹಾರಿದಾಗಲೆಲ್ಲ ಸೊಂಟ ಹಿಡಿದುಕೊಳ್ಳುತ್ತಿತ್ತು.

ಇನ್ನೊಂದು ಮಾತು, ಇದಕ್ಕೆ ಖರ್ಚೇ ಇಲ್ಲ: ಕ್ಲಚ್ ಮತ್ತು ಬ್ರೇಕ್ ಲಿವರಿನ ಕೋನ ಬದಲಿಸಿಕೊಳ್ಳಿ. ಕೂತು ತೋಳು ಚಾಚಿದಾಗ ಮಣಿಕಟ್ಟು ಮಡಿಯದೆ ಬೆರಳು ಲಿವರಿನ ಮೇಲೆ ಬರಬೇಕು. ಸ್ಪ್ಯಾನರಿನಲ್ಲಿ ಐದು ನಿಮಿಷದ ಕೆಲಸ.

ಗಾಡಿ ನೋಡುತ್ತಿರುವವರಿಗೆ ನನ್ನ ವಿನಂತಿ. ದಿನಾ ಹಾಕುವ ಶೂ ಹಾಕಿಕೊಂಡು, ಬೆನ್ನಿಗೆ ಆಫೀಸ್ ಬ್ಯಾಗ್ ಏರಿಸಿಕೊಂಡು ಹೋಗಿ. ಸ್ನೇಹಿತರ ಹತ್ತಿರ ಅದೇ ಗಾಡಿ ಇದ್ದರೆ ಎರಡು ಗಂಟೆ ಹೊತ್ತಿಗೆಂದು ಕೇಳಿ ಪಡೆಯಿರಿ. ಎಂಜಿನ್ ಆರಿಸಿ ಸ್ವಲ್ಪ ಏರಿನಲ್ಲಿ ಹಿಂದಕ್ಕೆ ತಳ್ಳಿ ನೋಡಿ, ಪಾರ್ಕಿಂಗ್‌ನಲ್ಲಿ ದಿನಾ ಮಾಡಬೇಕಾದದ್ದು ಅದೇ. ಮುಖ್ಯವಾಗಿ, ಹಿಂದೆ ಕೂರುವವರನ್ನು ಕರೆದುಕೊಂಡು ಹೋಗಿ. ನಾನು ಒಬ್ಬನೇ ಹೋಗಿ ತಪ್ಪು ಮಾಡಿದೆ. ಹಿಂದಿನ ಫುಟ್‌ರೆಸ್ಟ್ ಎತ್ತರದಲ್ಲಿರುವುದರಿಂದ ಹೆಂಡತಿಯ ಮೊಣಕಾಲು ತೀರಾ ಮಡಿಯುತ್ತದೆ. "ಸ್ವಲ್ಪ ನಿಲ್ಸ್ರೀ, ಕಾಲು ಸೆಟೆದುಕೊಂಡಿದೆ" ಅನ್ನುವ ಮಾತು ಗಂಟೆಗೊಮ್ಮೆ ಬರುತ್ತದೆ. ಫುಟ್‌ರೆಸ್ಟ್ ಇಳಿಸುವ ಬ್ರಾಕೆಟ್ ಹುಡುಕುತ್ತಿದ್ದೇನೆ. ಅದು ಸಿಗುವವರೆಗೆ 50 ಕಿ.ಮೀ.ಗೊಮ್ಮೆ ನಿಲ್ಲಿಸುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಈ ಸಲ ಬ್ರಾಕೆಟ್‌ಗೆ ಅಳತೆ ತೆಗೆಯುವಾಗ ಮೊದಲು ಅವಳನ್ನೇ ಕೂರಿಸುತ್ತೇನೆ.