ಹೊಸ ಬಗೆಯ ವಿಮಾನ: ಜಾಗ ಬೇಕಾ, ಕಿಟಕಿ ಬೇಕಾ?

ಇಂಧನ ಉಳಿಸುವ ಎರಡು ವಿನ್ಯಾಸಗಳಲ್ಲಿ ಕೂರೋಕೆ ಯಾವುದು ಹಿತ ಅಂತ ಕೇಳಿದ್ದೀರಿ.

ಒಡಲು, ರೆಕ್ಕೆ ಒಂದಾಗಿ ಬೆಸೆದ ವಿಮಾನದಲ್ಲಿ ಕ್ಯಾಬಿನ್ ಸಭಾಂಗಣದ ಹಾಗೆ ಅಗಲ. ಓಡಾಡುವ ದಾರಿಗಳೂ ಜಾಸ್ತಿ. ಆದರೆ ನಡುವೆ ಕೂತವರಿಗೆ ಕಿಟಕಿ ದೂರ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ತಿರುವು. ವಿಮಾನ ವಾಲಿದಾಗ ನಡುವಿನವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅಂಚಿನವರು ಮಾತ್ರ ಏತಪಾತದ ತುದಿಯಲ್ಲಿ ಕೂತ ಹಾಗೆ ಮೇಲೆ ಕೆಳಗೆ ಹೋಗುತ್ತಾರೆ. ಹೊಟ್ಟೆ ತೊಳಸುವವರಿಗೆ ಅದು ಕಷ್ಟ, ಅಲ್ವಾ?

ಇನ್ನೊಂದು, ಆಸರೆ ಕೊಟ್ಟ ಉದ್ದನೆಯ ತೆಳು ರೆಕ್ಕೆಯದು. 2023ರಲ್ಲಿ ಎಕ್ಸ್-66 ಎಂಬ ಹೆಸರು ಪಡೆದ ನಾಸಾ ಯೋಜನೆ ಈ ಬಗೆಯದು. ಒಳಗೆ ಈಗಿನ ವಿಮಾನಗಳ ಕೊಳವೆಯಂಥ ಕ್ಯಾಬಿನ್ನೇ: ಅದೇ ಇಕ್ಕಟ್ಟು, ಪಕ್ಕದಲ್ಲೇ ಕಿಟಕಿ.

ಉದ್ದ ಪ್ರಯಾಣದಲ್ಲಿ ಎದ್ದು ಓಡಾಡುವವರಿಗೆ ಮೊದಲನೆಯದು, ಅದೂ ನಡುವಿನ ಸೀಟು. ಹೊರಗೆ ನೋಡಿದರೇ ಸಮಾಧಾನ ಅನ್ನುವವರಿಗೆ ಎರಡನೆಯದು.