ಕಾರಿನ ಅಡಿಗೆ ಸಾಲಿಡ್ ಬ್ಲಾಕ್ ಇಡಬೇಡಿ, ದಯವಿಟ್ಟು

ಹೋದ ಭಾನುವಾರ ಪಕ್ಕದ ರಸ್ತೆಯ ಹುಡುಗ ಮನೆಗೆ ಬಂದ. "ಅಣ್ಣಾ, ಕಾಂಪೌಂಡ್ ಕಟ್ಟಿಸಿದಾಗ ಉಳಿದ ಸಾಲಿಡ್ ಬ್ಲಾಕ್ ಇದಾವಲ್ಲ, ಎರಡು ಕೊಡ್ತೀರಾ? ಕಾರು ಎತ್ತಿ ಅಡಿಗೆ ಇಡ್ಬೇಕು" ಅಂದ. ನನಗೆ ಎದೆ ಝಲ್ ಅಂದಿತು. ಕಳೆದ ಮಳೆಗಾಲದಲ್ಲಿ ಅದೇ ರಾಶಿಯ ಬ್ಲಾಕ್ ನಂಬಿ ನಾನು ಬಲಗೈ ಬೆರಳು ಮುರಿದುಕೊಂಡಿದ್ದೆ. ಬೆರಳಿಗೇ ಮುಗಿಯಿತು ಅನ್ನುವುದು ನಮ್ಮಪ್ಪನಿಂದ. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಕಾರಿನ ಕೆಲಸ ಮಾಡಿಕೊಳ್ಳುವವರು ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಹಾಸನ. ಕಾರು ಸಣ್ಣದೇ, ಹಳೇ ಹ್ಯಾಚ್‌ಬ್ಯಾಕ್, ತೂಕ ಹೆಚ್ಚುಕಮ್ಮಿ 900 ಕೆಜಿ. ಗುಂಡಿ ರಸ್ತೆಯಲ್ಲಿ ಎಡಗಡೆ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು ಬರುತ್ತಿತ್ತು. ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತೋಳು, ಅಂದರೆ ಲೋಯರ್ ಆರ್ಮ್, ಅದರ ಬೋಲ್ಟ್ ಸಡಿಲ ಆಗಿರಬೇಕು ಅನಿಸಿತು. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ಎಷ್ಟೋ ವರ್ಷದಿಂದ ನಾನೇ ಹಾಕಿಕೊಳ್ಳುತ್ತಿದ್ದೆ. ಹಾಗಾಗಿ ಗ್ಯಾರೇಜಿಗೆ ಹೋಗುವ ಯೋಚನೆಯೇ ಬರಲಿಲ್ಲ.

ಕಾರಿನ ಜೊತೆ ಬಂದಿದ್ದ ಜಾಕಿಯಲ್ಲೇ ಎತ್ತಿದೆ. ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದೆ. ಬರೀ ಜಾಕಿ ನಂಬಿ ಅಡಿಗೆ ಹೋಗಬಾರದು ಅಂತ ನನಗೂ ಗೊತ್ತಿತ್ತು. ಅದಕ್ಕೇ 4 ಇಂಚಿನ ಬ್ಲಾಕ್ ಒಂದನ್ನು ನಿಲ್ಲಿಸಿ, ಅದರ ಮೇಲೆ ಇನ್ನೊಂದನ್ನು ಅಡ್ಡ ಮಲಗಿಸಿ, ಬಾಗಿಲ ಕೆಳಗಿನ ಅಂಚಿಗೆ ಸರಿಯಾಗಿ ಕೊಟ್ಟೆ. ಜಾಕಿ ನಿಧಾನಕ್ಕೆ ಇಳಿಸಿದೆ. ಕಾರು ಬ್ಲಾಕ್ ಮೇಲೆ ಕೂತಿತು. ಗಟ್ಟಿಯಾಗೇ ಕಾಣಿಸಿತು. ಮನೆಯ ಗೋಡೆಯೇ ಇದರ ಮೇಲೆ ನಿಲ್ಲುತ್ತೆ, ಕಾರು ನಿಲ್ಲಲ್ವಾ ಅನ್ನುವ ಧೈರ್ಯ. ಜಾಕಿ ತೆಗೆದು ಪಕ್ಕಕ್ಕಿಟ್ಟೆ.

ಅಪ್ಪ ಜಗಲಿ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಊರಲ್ಲಿ ಟ್ರ್ಯಾಕ್ಟರು, ಟ್ರೈಲರು ಜೊತೆ ಏಗಿದವರು. ತಲೆ ಎತ್ತಿ, "ಚಕ್ರ ಗೋಡೆಗ್ಯಾಕಪ್ಪ ಒರಗಿಸ್ದೆ? ಅಡಿಗೆ ತಳ್ಳು" ಅಂದರು. "ಏನೂ ಆಗಲ್ಲ ಬಿಡಪ್ಪ" ಅಂದೆ. "ತಳ್ಳು ಅಂದ್ನಲ್ಲ" ಅಂತ ಇನ್ನೊಂದು ಸಲ ಅಂದರು. ಅವರ ಮಾತು ತೆಗೆದುಹಾಕಬಾರದು ಅಂತಷ್ಟೇ, ಬಿಚ್ಚಿದ ಚಕ್ರವನ್ನು ಬ್ಲಾಕ್ ಪಕ್ಕ ಮಲಗಿಸಿ ಕಾರಿನ ಅಂಚಿನಡಿಗೆ ತಳ್ಳಿದೆ.

ಆಮೇಲೆ ಅಂಗಾತ ಮಲಗಿ, ಭುಜದವರೆಗೆ ಒಳಗೆ ಹೋಗಿ, ಹಿಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಬೋಲ್ಟ್ ತುಕ್ಕು ಹಿಡಿದಿತ್ತು. ಜೋರಾಗಿ ಒಂದು ಸಲ ಎಳೆದೆ, ಜಗ್ಗಲಿಲ್ಲ. ಎರಡನೇ ಸಲ ಎಳೆದಾಗ ಕಿವಿ ಹತ್ತಿರ "ಟಕ್" ಅಂತ ಸದ್ದಾಯಿತು. ಸಣ್ಣ ಸದ್ದು. ತೆಂಗಿನಕಾಯಿ ಒಡೆದಷ್ಟೂ ಇರಲಿಲ್ಲ. ಏನು ಅಂತ ಯೋಚಿಸುವಷ್ಟರಲ್ಲಿ ಕಾರು ಕೆಳಗೆ ಬಂದಿತ್ತು.

ಸುಮಾರು 5 ಇಂಚು ಕುಸಿದು ಆ ಚಕ್ರದ ಮೇಲೆ ಕೂತುಬಿಟ್ಟಿತು. ನೆಲಕ್ಕೂ ಕಾರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಆ ಜಾಗದಲ್ಲಿ ನನ್ನ ಭುಜ ಇತ್ತು. ಸ್ಪ್ಯಾನರ್ ಹಿಡಿದಿದ್ದ ಕೈ ನೆಲಕ್ಕೂ ಸ್ಪ್ಯಾನರಿಗೂ ನಡುವೆ ಸಿಕ್ಕಿಕೊಂಡಿತ್ತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಹೆಂಡತಿ ಓಡಿ ಬಂದು ನನ್ನ ಕಾಲು ಹಿಡಿದು ಎಳೆಯೋಕೆ ಹೋದಳು. ಅಪ್ಪ ತಡೆದರು. "ಎಳೀಬೇಡ, ಮೊದ್ಲು ಜಾಕಿ ಕೊಡು" ಅಂದರು. ಎದುರು ಮನೆಯವರು ಬಂದು ಜಾಕಿ ಕೊಟ್ಟು ಎತ್ತಿದ ಮೇಲೆ ಹೊರಗೆ ಬಂದೆ. ಉಂಗುರದ ಬೆರಳು ಎರಡು ಕಡೆ ಮುರಿದಿತ್ತು. ಆರು ವಾರ ಪಟ್ಟಿ. ಇವತ್ತಿಗೂ ಅದು ಪೂರ್ತಿ ಮಡಚಲ್ಲ.

ಸಂಜೆ ಆ ಬ್ಲಾಕ್ ನೋಡಿದೆ. ಮೇಲಿನದು ನಡುವೆ ನೇರವಾಗಿ ಎರಡು ಹೋಳು. ಕೆಳಗಿನದು ಮಗುಚಿ ಬಿದ್ದಿತ್ತು. ಸೀಳಿದ ಜಾಗದಲ್ಲಿ ಸಣ್ಣ ಗೆರೆಯಂಥ ಗುರುತು. ಕಾರಿನ ಬಾಗಿಲ ಕೆಳಗೆ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ತೆಳುವಾದ ಅಂಚು ಇರುತ್ತಲ್ಲ, ಅದು ಕೂತ ಗುರುತು. ಕಲ್ಲು ಒಡೆಯುವವರು ಉಳಿ ಇಟ್ಟು ಸೈಜುಗಲ್ಲು ಸೀಳುತ್ತಾರಲ್ಲ, ಹಾಗೇ ಸೀಳಿತ್ತು. ಗೋಡೆಯಲ್ಲಿ ಬ್ಲಾಕಿನ ಮೇಲೆ ಭಾರ ಪೂರ್ತಿ ಹರಡಿಕೊಂಡು ಬೀಳುತ್ತೆ. ಇಲ್ಲಿ ಅಷ್ಟೂ ಭಾರ ಒಂದು ಗೆರೆ ಮೇಲೆ. ಅದರ ಜೊತೆ ನಾನು ಸ್ಪ್ಯಾನರ್ ಎಳೆದ ಕುಲುಕು ಬೇರೆ. ಹಾಲೋ ಬ್ಲಾಕ್, ಇಟ್ಟಿಗೆ ಆದರೆ ಇನ್ನೂ ಬೇಗ. ದಪ್ಪ ಮರದ ತುಂಡಾದರೆ ಮುರಿಯುವ ಮೊದಲು ನಲುಗುತ್ತೆ, ಕಿರುಗುಟ್ಟುತ್ತೆ. ಕಾಂಕ್ರೀಟು ಸುಳಿವೇ ಕೊಡಲ್ಲ.

ಪಟ್ಟಿ ಬಿಚ್ಚಿದ ಮೇಲೆ ನಮ್ಮ ಗ್ಯಾರೇಜಿನ ಮೇಸ್ತ್ರಿ ಹತ್ತಿರ ಕೂತು ಎಲ್ಲ ಕೇಳಿ ತಿಳಿದುಕೊಂಡೆ. ನಾನು ಮಾಡಿದ್ದು ಒಂದೇ ತಪ್ಪಲ್ಲ ಅಂತ ಆಗ ಗೊತ್ತಾಯಿತು. ನಮ್ಮ ಪೋರ್ಟಿಕೊ ನೀರು ಹರಿದು ಹೋಗಲಿ ಅಂತ ಗೇಟಿನ ಕಡೆ ಇಳಿಜಾರು ಇದೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹಾಗೇ ಅಲ್ವಾ? ಅಲ್ಲಿ ನಾನು ಬರೀ ಗೇರಲ್ಲಿ ನಿಲ್ಲಿಸಿದ್ದೆ. ಹ್ಯಾಂಡ್ ಬ್ರೇಕ್ ಹಾಕೋದು ಮರೆತಿದ್ದೆ, ಚಕ್ರಕ್ಕೆ ಅಡ್ಡ ಏನೂ ಕೊಟ್ಟಿರಲಿಲ್ಲ. ನಮ್ಮಂಥ ಕಾರುಗಳಲ್ಲಿ ಇಂಜಿನ್ ತಿರುಗಿಸೋದು ಮುಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಗೇರಿನ ಹಿಡಿತ ಇದ್ದೂ ಇಲ್ಲದ ಹಾಗೆ. ಎಡ ಬಲ ಚಕ್ರ ಬೇರೆಬೇರೆಯಾಗಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ಅನ್ನೋ ಗೇರು ಜೋಡಣೆ ಇರೋದರಿಂದ ಎತ್ತಿದ ಕಡೆ ಸುಮ್ನೆ ಉಲ್ಟಾ ತಿರುಗುತ್ತೆ, ನೆಲದಲ್ಲಿರುವ ಚಕ್ರ ಉರುಳುತ್ತೆ. ಇನ್ನು ಹ್ಯಾಂಡ್ ಬ್ರೇಕ್ ಹಿಡಿಯೋದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗ ಎರಡೂ ಕಡೆ ಎತ್ತಿದರೆ ಅದೂ ಕೆಲಸಕ್ಕೆ ಬರಲ್ಲ. ಅದಕ್ಕೇ ಗೇರು, ಹ್ಯಾಂಡ್ ಬ್ರೇಕ್ ಎರಡೂ ಇರಲಿ, ಜೊತೆಗೆ ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಮರದ ಅಡ್ಡತುಂಡು ಇರಲೇಬೇಕು. ಸಮತಟ್ಟಾದ ಜಾಗ ಸಿಗದಿದ್ದರೆ ಆ ದಿನ ಕೆಲಸವೇ ಬೇಡ.

ಈಗ ನನ್ನ ಹತ್ತಿರ ಒಂದು ಜೊತೆ ಜಾಕ್ ಸ್ಟ್ಯಾಂಡ್ ಇದೆ, ಅಂದರೆ ಜಾಕಿಯಲ್ಲಿ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಲೋಹದ ಸ್ಟ್ಯಾಂಡ್. 2,200 ರೂಪಾಯಿ ಆಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ, ಪಟ್ಟಿ, ಔಷಧಿಗೆ ಕೊಟ್ಟಿದ್ದು ಇದಕ್ಕಿಂತ ತುಂಬಾ ಜಾಸ್ತಿ. ತಗೊಳ್ಳುವಾಗ ಎಷ್ಟು ಟನ್ ಅಂತ ನೋಡಿ. ಕೆಲವು ಕಂಪನಿಯವರು ಒಂದಕ್ಕಲ್ಲ, ಜೋಡಿಗೆ ಸೇರಿಸಿ ಬರೆದಿರುತ್ತಾರೆ. ಎತ್ತರ ನಿಲ್ಲಿಸೋಕೆ ಕೆಲವದರಲ್ಲಿ ಪಿನ್ ಇರುತ್ತೆ, ಕೆಲವದರಲ್ಲಿ ಕಚ್ಚಿ ಹಿಡಿಯುವ ಹಲ್ಲು. ಪಿನ್ ತೂರಿಸುವ ಥರದ್ದು, ಅಥವಾ ಹಲ್ಲಿನ ಜೊತೆ ಪಿನ್ನೂ ಇರುವಂಥದ್ದು ತಗೊಳ್ಳಿ. ಅಮೆರಿಕದಲ್ಲಿ 2020ರಲ್ಲಿ ಒಂದು ಕಂಪನಿ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ವಾಪಸ್ ತರಿಸಿಕೊಳ್ಳಬೇಕಾಯಿತು. ಹಲ್ಲು ಆಳಕ್ಕೆ ಕಚ್ಚದೆ ಜಾರಿ ಇಳಿಯುವ ಅಪಾಯ ಇತ್ತು. ಆದ್ದರಿಂದ ಸ್ಟ್ಯಾಂಡ್ ಇಟ್ಟ ಮೇಲೂ ನಾನು ಬಿಚ್ಚಿದ ಚಕ್ರವನ್ನು ಅಡಿಗೆ ತಳ್ಳುತ್ತೇನೆ.

ಎಲ್ಲಿ ಇಡಬೇಕು ಅನ್ನೋದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ. ಬಾಗಿಲ ಕೆಳಗಿನ ಅಂಚಿನಲ್ಲಿ ಬೆರಳಾಡಿಸಿದರೆ ಎಷ್ಟೋ ಕಾರುಗಳಲ್ಲಿ ಎರಡು ಸಣ್ಣ ಕಚ್ಚು ಸಿಗುತ್ತವೆ. ಅವೆರಡರ ನಡುವಿನ ಜಾಗ ಗಟ್ಟಿ. ಆಯಿಲ್ ಚೇಂಬರ್ ಅಡಿಗಾಗಲಿ, ಬರೀ ತಗಡಿನ ಅಡಿಗಾಗಲಿ ಕೊಡಬೇಡಿ. ಜಾಕಿಯೂ ಅದೇ ಜಾಗ ಕೇಳುತ್ತೆ, ಸ್ಟ್ಯಾಂಡೂ ಅದೇ ಜಾಗ ಕೇಳುತ್ತೆ, ಇದೊಂದು ತಲೆನೋವು. ನಾನು ಗಾಲಿ ಇರುವ ಟ್ರಾಲಿ ಜಾಕನ್ನು ಪುಸ್ತಕದಲ್ಲಿ ತೋರಿಸಿರುವ ಮುಂದಿನ ಕ್ರಾಸ್ ಮೆಂಬರಿಗೆ, ಅಂದರೆ ಕಾರಿನ ಅಡಿಯಲ್ಲಿ ಅಡ್ಡಕ್ಕಿರುವ ಗಟ್ಟಿ ತೊಲೆಗೆ, ಕೊಟ್ಟು, ಸ್ಟ್ಯಾಂಡನ್ನು ಅಂಚಿಗೆ ಕೊಡುತ್ತೇನೆ. ನೆಲ ಮಣ್ಣಾಗಿದ್ದರೆ ಅಥವಾ ಇಂಟರ್‌ಲಾಕ್ ಟೈಲ್ಸ್ ಆಗಿದ್ದರೆ ಸ್ಟ್ಯಾಂಡಿನ ಕಾಲು ಹೂತುಹೋಗುತ್ತೆ, ಅಡಿಗೆ ದಪ್ಪ ಹಲಗೆ ಹಾಕಿ. ಚಕ್ರದ ನಟ್‌ಗಳನ್ನು ಎತ್ತುವ ಮೊದಲೇ ಅರ್ಧ ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಅದರ ಮೇಲೆ ಬಲ ಹಾಕಬಾರದು.

ಅಡಿಗೆ ಹೋಗುವ ಮೊದಲು ಹೊರಗೆ ನಿಂತು ಕಾರನ್ನು ಎರಡು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಮನೆಯಲ್ಲಿ ಯಾರೂ ಇಲ್ಲದಾಗ ಅಡಿಗೆ ಹೋಗಬೇಡಿ.

ಆ ಹುಡುಗನಿಗೆ ಬ್ಲಾಕ್ ಕೊಡಲಿಲ್ಲ. ಸ್ಟ್ಯಾಂಡ್, ಅಡ್ಡತುಂಡು ಎರಡೂ ಹೊತ್ತುಕೊಂಡು ಅವನ ಮನೆಗೇ ಹೋದೆ. ಅವನು ಕಾರು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ನನ್ನ ಮುಖ ನೋಡಿದ. "ಅಲ್ಲಾಡ್ಸು" ಅಂದೆ. ಇಬ್ಬರೂ ಸೇರಿ ಅಲ್ಲಾಡಿಸಿದೆವು. ಆಮೇಲೆ ಬಿಚ್ಚಿದ ಚಕ್ರವನ್ನು ಅವನೇ ಉರುಳಿಸಿಕೊಂಡು ಬಂದು ಅಡಿಗೆ ತಳ್ಳಿದ.